ಅಡ್ಡಪರಿಣಾಮವೋ, ವಿಷಬಾಧೆಯೋ

"ಬಾಯಾರೆ, ನನಗ ಅಕ್ಷರ ಬರಂಗಿಲ್ರಿ. ಖಾನೆದಾಗ ಇಟ್ಟಷ್ಟು ಮಾತ್ರಿ ಕೊಟ್ಟೀನಿ. ನಾಳಿ ನನ್ನ ಜೇಲಿಗೆ ಒಯ್ತಾರಂತ."

ಕಮಲಾಪುರದಿಂದ ಮೊದಲ ಬಸ್ಸಿಗೆ ಬಂದ ಸೂಗಮ್ಮ ನಮ್ಮ ಗ್ರಂಥಾಲಯದ ನೆಲದ ಮೇಲೆಯೇ ಕುಳಿತಳು. ಕಲಬುರಗಿಯ ಒಂದು ವೈದ್ಯಕೀಯ ಕಾಲೇಜಿನ ಗ್ರಂಥಪಾಲಕಿ ತುಳಜಾಬಾಯಿಯವರ ಕೈಕೆಳಗೆ ನಾನು, ಮಜರ್, ಹನ್ನೆರಡು ವರ್ಷ ದುಡಿದಿದ್ದೆ. ಮೂರು ಕೊಲೆಗಳನ್ನು ಅವರು ಕುರ್ಚಿ ಬಿಡದೆ ಪತ್ತೆಮಾಡಿದ್ದರು. ಹೆಸರು ಮಾತ್ರ ಪೊಲೀಸರಿಗೆ ಹೋಗಿತ್ತು. ಆ ಸಿಟ್ಟು ನನಗಿನ್ನೂ ಇದೆ.

ಸೂಗಮ್ಮ ಆರೈಕೆ ಮಾಡುತ್ತಿದ್ದ ಅಣವೀರಪ್ಪ ಸತ್ತಿದ್ದರು. ಅವರ ರಕ್ತದಲ್ಲಿ ಡಿಗಾಕ್ಸಿನ್ ಎಂಬ ಹೃದಯದ ಔಷಧ ಮಿತಿಮೀರಿತ್ತು. ಕೆಂಪು ಬಾಳೆಯ ತೋಟವನ್ನು ಸೂಗಮ್ಮನಿಗೆ ಬರೆಯುತ್ತೇನೆಂದು ಮುದುಕರು ಹೇಳಿದ್ದರಂತೆ. ಬರೆದಾಯಿತೆಂದು ನಂಬಿ ಅವಳೇ ಕೊಂದಳು ಅನ್ನುವುದು ಪೊಲೀಸರ ವಾದ. ಹಳ್ಳಕ್ಕೆ ಬಿದ್ದವರಿಗೆ ಆಳಿಗೊಂದು ಕಲ್ಲು. ವಾರದ ಮಾತ್ರೆ ಡಬ್ಬಿಯನ್ನು ಸರದಿಯಂತೆ ತುಂಬುತ್ತಿದ್ದವರು ಮುದುಕರ ಇಬ್ಬರು ಮಕ್ಕಳು: ನೆಹರು ಗಂಜ್‌ನಲ್ಲಿ ಔಷಧದಂಗಡಿ ಇಟ್ಟ ಅಂಜನಾ, ನಮ್ಮ ಕಾಲೇಜಿನಲ್ಲೇ ಎಂ.ಡಿ. ಓದುತ್ತಿದ್ದ ಅವಳ ಅಣ್ಣ ಅಮರನಾಥ.

ತುಳಜಾಬಾಯಿಯವರು ಗ್ರಂಥಾಲಯದ ಹುಡುಕಾಟದ ದಾಖಲೆ ತೆಗೆಸಿದರು. ಅಮರನಾಥನ ಖಾತೆಯಿಂದ ಒಂಬತ್ತನೇ ತಾರೀಖು ಎರಡು ಹುಡುಕಾಟ ನಡೆದಿದ್ದವು. ಒಂದರಲ್ಲಿ 'ಡಿಗಾಕ್ಸಿನ್ ತೊಂದರೆ' ಎಂಬ ಬರಿಯ ಪದಗಳು. ಇನ್ನೊಂದರಲ್ಲಿ ಡಿಗಾಕ್ಸಿನ್, ಅದರ ಮುಂದೆ 'ವಿಷಬಾಧೆ' ಎಂಬ ಉಪಶೀರ್ಷಿಕೆ. ಉಪಶೀರ್ಷಿಕೆ ಅಂದರೆ ವಿಷಯಕ್ಕೆ ಅಂಟಿಸುವ ಬಾಲ. ಚಿಕಿತ್ಸೆಯೋ, ಬೆಲೆಯೋ, ಆರಿಸಿದ್ದಕ್ಕಷ್ಟೇ ಸಂಬಂಧಿಸಿದ ಲೇಖನಗಳು ಬರುತ್ತವೆ. ಮುದುಕರಿಗೆ ವಾಂತಿ ಶುರುವಾದದ್ದು ಹನ್ನೆರಡನೇ ತಾರೀಖು.

ಅಂದು ಸಂಜೆ ಕಮಲಾಪುರದ ಆ ಮನೆಯ ಪಡಸಾಲೆಯಲ್ಲಿ ಎಲ್ಲರೂ ಸೇರಿದೆವು. ಇನ್‌ಸ್ಪೆಕ್ಟರ್ ಹಮೀದ್ ಬಾಗಿಲಿಗೆ ಒರಗಿ ನಿಂತಿದ್ದರು.

"ಅಣ್ಣನ ಖಾತೆ ನಾನೂ ಬಳಸೀನ್ರಿ," ಅಂದಳು ಅಂಜನಾ. "ಅಪ್ಪಗ ಹೊಸಾ ಮಾತ್ರಿ, ಏನರ ತೊಂದ್ರಿ ಅದನ ಅಂತ ನೋಡಿದೆ. ಸಾವಿರಗಟ್ಟಲೆ ಬಂದ್ವು, ಬಿಟ್ಟೆ."

ಅಮರನಾಥ ನಕ್ಕ. "ಅಕಿಗಿ ಹುಡುಕಾಕ ಬರಂಗಿಲ್ಲ ಮೇಡಮ್. ನಾ ನೀವು ಕಲಿಸಿದಂಗ ಉಪಶೀರ್ಷಿಕೆ ಹಾಕಿದೆ. ಅಡ್ಡಪರಿಣಾಮ. ಬೇಕಾದದ್ದಷ್ಟೇ ಸಿಕ್ತು."

"ಅಡ್ಡಪರಿಣಾಮ ಅಂದ್ರ ಸರಿಯಾದ ಪ್ರಮಾಣದಾಗ ತಗೊಂಡ್ರೂ ಆಗೋ ತೊಂದ್ರಿ," ಅಂದರು ತುಳಜಾಬಾಯಿ. "ಮಿತಿಮೀರಿದ್ರ ಏನಾಗ್ತದ ಅನ್ನೋದಕ್ಕ ಬ್ಯಾರೆ ಉಪಶೀರ್ಷಿಕೆ ಅದ, ವಿಷಬಾಧೆ. ನೀ ಆರಿಸಿದ್ದು ಅದು. ಒಂಬತ್ತಕ್ಕ ಈ ಮನ್ಯಾಗ ಯಾರಿಗೆ ಮಾತ್ರಿ ಮಿತಿಮೀರಿತ್ತಪ್ಪ?"

ತುಳಜಾಬಾಯಿಯವರು ತಂಗಿಯ ಕಡೆ ತಿರುಗಿದರು.

"ಅಂಜನಾ, ಹತ್ತನೇ ತಾರೀಖಿಗೆ ಡಬ್ಬಿ ತುಂಬಿದವರು ಯಾರು?"

"ಅಣ್ಣ," ಅಂದಳು ಅವಳು, ಕೇಳಿಯೂ ಕೇಳದಷ್ಟು ಮೆಲ್ಲಗೆ.

"ಕೆಲಸದಾಕಿಗೆ ತೋಟ ಬರೀತೇನಿ ಅಂದ ಮುದುಕ," ಅಂದ ಅಮರನಾಥ. "ಓದಾಕ ಬರಲಾರದಾಕಿ. ಅಕಿ ಮಾತು ಯಾರು ನಂಬತಾರ ಅಂದ್ಕೊಂಡೆ."

ಹಮೀದ್ ಅವನನ್ನು ಎಬ್ಬಿಸಿಕೊಂಡು ಹೋದರು. ನನಗಂತೂ ಹಿಗ್ಗೋ ಹಿಗ್ಗು. "ಪಾರಾದಿರಿ ಸೂಗಮ್ಮ," ಅಂದೆ.

ಅವಳು ನನ್ನನ್ನು ನೋಡಲೇ ಇಲ್ಲ. "ಹಂಗಾದ್ರ ಆ ಮಾತ್ರಿನೇ ಅವರ್ನ ಕೊಂದಿದ್ದೇನ್ರಿ, ಬಾಯಾರೆ?"

"ಹೌದವ್ವ."

"ಕೊನೀ ಮೂರು ದಿನ ಬ್ಯಾಡ ಸೂಗವ್ವಾ ಅಂತ ಕೈ ಮುಗದಿದ್ರು ಅವರು. ಡಾಕ್ಟರ್ ಮಗಾ ಇಟ್ಟಾನ, ಹಟ ಮಾಡಬ್ಯಾಡ್ರಿ ಅಂತ ಬೈದು, ಮೂಗು ಹಿಡದು ನುಂಗಿಸೀನ್ರಿ ನಾ."