ಹದಿನೇಳನೇ ನಂಬರಿನ ಷರಾ

೨೦೨೫ನೇ ಇಸವಿ ಮಾರ್ಚ್ ೧೨, ಬುಧವಾರ. ಬೆಳಿಗ್ಗೆ ೯ ಗಂಟೆ ೨೦ ನಿಮಿಷಕ್ಕೆ ಅವೆಕೊಪೆ ಪೊಲೀಸ್ ಠಾಣೆಗೆ ಸರ್ಕಾರಿ ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿ ಫಿಯಾಗ್ಬೆ ಬಂದರು. ಹಿಂದೆ ದಾಖಲೆ ಗುಮಾಸ್ತೆ ಕಾಫೂಯಿ. ಮುಖ್ಯೋಪಾಧ್ಯಾಯಿನಿ ಕೂತರು. ಕಾಫೂಯಿ ಕೂರಲಿಲ್ಲ.

ದೂರು ಚಿಕ್ಕದು. ಶಾಲೆಯ ಮೊಟ್ಟಮೊದಲ ದಾಖಲಾತಿ ರಿಜಿಸ್ಟರು, ೧೯೫೫ರದ್ದು, ಕಚೇರಿಯ ಬೀರುವಿನಿಂದ ಕಾಣೆಯಾಗಿದೆ. ಬೀಗ ಒಡೆದಿಲ್ಲ. ಬೀಗದಕೈ ಇರುವುದು ಒಂದೇ, ಅದು ಕಾಫೂಯಿಯ ಕೊರಳಲ್ಲಿ.

ಇನ್‌ಸ್ಪೆಕ್ಟರ್ ಜಿಫಾ ತ್ಸೆಕ್ಪೊ ಎಫ್‌ಐಆರ್ ಪುಸ್ತಕ ತೆರೆದಳು.

"ಕೊನೇ ಸಲ ನೋಡಿದ್ದು ಯಾವಾಗ?"

"ನಿನ್ನೆ ಸಂಜೆ ನಾಲ್ಕಕ್ಕೆ, ಮೇಡಂ. ಧೂಳು ಒರೆಸಿ ಇಟ್ಟೆ," ಎಂದಳು ಕಾಫೂಯಿ.

"ಇವತ್ತು?"

"ಪ್ರಾರ್ಥನೆ ಮುಗಿಸಿ ಬಂದು ಬೀಗ ತೆಗೆದೆ. ಜಾಗ ಖಾಲಿ."

"ಶನಿವಾರ ಹತ್ತು ಗಂಟೆಗೆ ಅದು ನನ್ನ ಮೇಜಿನ ಮೇಲಿರಬೇಕು," ಎಂದರು ಮುಖ್ಯೋಪಾಧ್ಯಾಯಿನಿ. "ಇಲ್ಲದಿದ್ರೆ ಸೋಮವಾರ ಇವಳು ಕೆಲಸಕ್ಕೆ ಬರೋದು ಬೇಡ. ಕೇಸಲ್ಲೂ ಇವಳ ಹೆಸರೇ ಹಾಕಿ."

ಕಾಫೂಯಿ ಕೊರಳ ದಾರವನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು. ಅವಳಿಗೆ ಮನೆಯಲ್ಲಿ ಎರಡು ಮಕ್ಕಳು. ಗಂಡ ಟೋಗೊ ಗಡಿ ದಾಟಿ ಹೋದವನು ಮತ್ತೆ ಬಂದಿಲ್ಲ. ಜಿಫಾಗೆ ಇದೆಲ್ಲ ಗೊತ್ತು. ಊರು ಅಷ್ಟೇ ಚಿಕ್ಕದು.

ಅವರು ಹೋದ ಮೇಲೆ ಕಾನ್‌ಸ್ಟೇಬಲ್ ಇದ್ರಿಸು ಕೇಳಿದ. ಅವನು ಉತ್ತರದ ಕಡೆಯವನು, ವರ್ಗವಾಗಿ ಬಂದು ನಾಲ್ಕು ತಿಂಗಳು.

"ಒಂದು ಹಳೇ ಪುಸ್ತಕಕ್ಕೆ ಇಷ್ಟು ಗಲಾಟೆನಾ ಮೇಡಂ?"

"ಹತ್ತು ವರ್ಷಕ್ಕೊಂದು ಸಲ ಮೊದಲನೇ ತಂಡದ ನಲವತ್ತು ಹೆಸರು ಕೂಗ್ತಾರೆ. ಬದುಕಿರೋರು ಎದ್ದು 'ಇದ್ದೇನೆ' ಅಂತಾರೆ. ಸತ್ತೋರ ಪರವಾಗಿ ಹೊಸದಾಗಿ ಸೇರಿದ ಮಕ್ಕಳು 'ಇದ್ದೇನೆ' ಅಂತಾರೆ. ಇಷ್ಟು ದಿನ ಟೈಪ್ ಮಾಡಿದ ಪಟ್ಟಿ ಓದ್ತಿದ್ರು. ಈ ಸಲ ಶಾಲೆಗೆ ಎಪ್ಪತ್ತು ತುಂಬ್ತು ಅಂತ ಶನಿವಾರ ಮೂಲ ರಿಜಿಸ್ಟರನ್ನೇ ಷರಾ ಸಮೇತ ಓದ್ತಾರಂತೆ. ಯಾರು ಪಾಸಾದ್ರು, ಯಾರು ಬಿಟ್ರು, ಎಲ್ಲ."

"ನಿಮಗೂ ದಾಖಲಾತಿ ನಂಬರ್ ಇದೆಯಾ?"

"ಎರಡು ಸಾವಿರದ ಇನ್ನೂರ ಹದಿನಾರು."

"ನಮ್ಮೂರಲ್ಲಿ ನಂಬರ್ ಹಾಕೋದು ದನಕ್ಕೆ," ಎಂದ ಇದ್ರಿಸು.

"ಇಲ್ಲಿ ಹೆಣ್ಣು ಕೇಳೋಕೆ ಹೋದ್ರೂ ಮೊದಲು ಅದನ್ನೇ ಕೇಳ್ತಾರೆ. ಏಳು, ಪಂಚನಾಮೆಗೆ ಹೋಗೋಣ."

೧೧ ಗಂಟೆ ೫ ನಿಮಿಷಕ್ಕೆ ಪಂಚನಾಮೆ ಶುರುವಾಯಿತು. ಪಂಚರಾಗಿ ಇಬ್ಬರು ಮೇಷ್ಟ್ರು. ಬೀರು ಒಡುಮ್ ಮರದ್ದು, ಗೋಡೆಗೆ ಒರಗಿಸಿತ್ತು. ನೆಲದ ಮೇಲೆ ಹೊಸದಾಗಿ ಎಳೆದ ಗೀರು. ಇದ್ರಿಸು ಬೀರುವನ್ನು ಮುಂದಕ್ಕೆ ಜರುಗಿಸಿದ. ಹಿಂಬದಿಯ ಹಲಗೆಗೆ ಮೊಳೆಯೇ ಇಲ್ಲ, ಆರು ಮರದ ಬೆಣೆ. ಜಿಫಾ ಒಂದನ್ನು ಹಿಡಿದೆಳೆದಳು. ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು. ಮೂಸಿದಳು. ತಾಳೆಬೀಜದ ಎಣ್ಣೆ, ಹಸಿ.

"ಕಳ್ಳ ಬೆಣೆಗೆ ಎಣ್ಣೆ ಹಚ್ಚಿ ವಾಪಸ್ ಕೂರಿಸಿ ಹೋಗಿದಾನೆ," ಎಂದ ಇದ್ರಿಸು. "ಇಷ್ಟು ಮರ್ಯಾದಸ್ಥ ಕಳ್ಳನ್ನ ನಾನು ನೋಡಿಲ್ಲ."

ಜಿಫಾ ನಗಲಿಲ್ಲ. ಶಾಲೆ ಶುರುವಾದಾಗ ಕಟ್ಟಡವಿರಲಿಲ್ಲ, ಸಾಮಾನಿರಲಿಲ್ಲ. ಬೆಂಚು, ಬೀರು ಎಲ್ಲವನ್ನೂ ಮೊದಲನೇ ತಂಡದ ಹುಡುಗರೇ ಮಾಡಿದ್ದರು. ಬೆಣೆ ಮುಟ್ಟಿದರೆ ಎಣ್ಣೆ ಹಚ್ಚದೆ ಕೂರಿಸಬಾರದು ಎಂದು ಅವರ ಮರಗೆಲಸದ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ್ದ ಕತೆಯನ್ನು ಇಲ್ಲಿ ಓದಿದ ಪ್ರತಿಯೊಬ್ಬರೂ ಕೇಳಿದ್ದಾರೆ.

"ಆ ತಂಡದಲ್ಲಿ ಎಷ್ಟು ಜನ ಉಳಿದಿದಾರೆ?" ಎಂದು ಕಾಫೂಯಿಯನ್ನು ಕೇಳಿದಳು.

"ಮೂವರು. ಒಬ್ಬರು ಅಕ್ರಾದಲ್ಲಿ ಹಾಸಿಗೆ ಹಿಡಿದಿದಾರೆ. ಒಬ್ಬರು ಮಗಳ ಜೊತೆ ಜರ್ಮನೀಲಿ."

"ಇನ್ನೊಬ್ಬರು?"

"ಡೊಗ್ಬೆ ಅಜ್ಜ. ಮೇಡಂ, ನನಗೆ ಈ ಕೆಲಸ ಕೊಡಿಸಿದ್ದೇ ಅವರು."

ಗೆರ್ಶನ್ ಡೊಗ್ಬೆ, ನಂಬರ್ ಹದಿನೇಳು. ಬಡಗಿ, ಚರ್ಚಿನ ಹಿರಿಯ, ಹಳೇ ವಿದ್ಯಾರ್ಥಿ ಸಂಘದ ಅಧ್ಯಕ್ಷ. ಪೊಲೀಸ್ ಕೆಲಸಕ್ಕೆ ಸೇರುವಾಗ ಜಿಫಾಗೆ ನಡತೆ ಪತ್ರ ಕೊಟ್ಟವರೂ ಅವರೇ.

ಗುರುವಾರ ಜಿಫಾ ಅವರ ಹತ್ತಿರ ಹೋಗಲಿಲ್ಲ. ಕಾವಲುಗಾರನನ್ನು, ಕಸ ಗುಡಿಸುವವಳನ್ನು, ಅಡುಗೆಯವರನ್ನು ವಿಚಾರಿಸಿದಳು. ಬೇರೆ ಯಾರಾದರೂ ಸಿಗಲಿ ಎಂದೇ ಕೇಳುತ್ತಿದ್ದೇನೆ ಎಂಬುದು ಅವಳಿಗೂ ಗೊತ್ತಿತ್ತು. ಸಂಜೆ ಠಾಣೆಯ ಮುಂದೆ ಕಾಫೂಯಿ ಬಂದು ನಿಂತಳು. ಕತ್ತಲಾಗುವ ತನಕ ಇದ್ದು ಹೋದಳು.

ಶುಕ್ರವಾರ ಮಧ್ಯಾಹ್ನ ಗೇಟಿನ ಸಂದರ್ಶಕರ ಪುಸ್ತಕ ತರಿಸಿದಳು. ಮಾರ್ಚ್ ೧೨, ೭ ಗಂಟೆ ೧೦ ನಿಮಿಷ: ಡೊಗ್ಬೆ, ನಂ. ೧೭, ಸಮಾರಂಭದ ಕುರ್ಚಿ ನೋಡಲು.

"ಇದು ನಿನ್ನ ಅಕ್ಷರ," ಎಂದಳು ಕಾವಲುಗಾರನಿಗೆ.

"ಕನ್ನಡಕ ಮರೆತೆ, ನೀನೇ ಬರಿ ಅಂದ್ರು."

"ಹೋಗುವಾಗ?"

"ಎಲ್ಲಾರೂ ಪ್ರಾರ್ಥನೇಲಿದ್ರು. ಹತಾರದ ಚೀಲ ಭಾರ ಇತ್ತು. ಹೊರ್ತೀನಿ ಅಂದೆ, ಬೈದ್ರು."

೪ ಗಂಟೆ ೩೦ ನಿಮಿಷಕ್ಕೆ ಜಿಫಾ, ಇದ್ರಿಸು ಡೊಗ್ಬೆಯ ಕಾರ್ಯಾಗಾರಕ್ಕೆ ಹೋದರು. ಮುದುಕ ಬೆಂಚಿನ ಮೇಲೆ ಕೆಂಕೆ ಎಂಬ ಮೆಕ್ಕೆಜೋಳದ ಕಡುಬು ಮುರಿದು ಮೆಣಸಿನ ಚಟ್ನಿಗೆ ಅದ್ದುತ್ತಿದ್ದ. ಕಪ್ಪು ಕನ್ನಡಕ ತೆಗೆದಿಟ್ಟಿದ್ದ. ಎರಡು ಕಣ್ಣಲ್ಲೂ ಪೊರೆ.

"ಯಾರು?"

"ಜಿಫಾ, ಅಜ್ಜ."

"ಇನ್ಯಾರಿದಾರೆ?"

"ಕಾನ್‌ಸ್ಟೇಬಲ್."

"ಹಾಗಾದ್ರೆ ಉಣ್ಣೋಕೆ ಬಂದಿಲ್ಲ." ಅವನು ಕೈ ತೊಳೆದ. "ಮರದ ಪುಡಿಯ ಮೂಟೆ ಕೆಳಗಿದೆ. ತಗೋ."

ಇದ್ರಿಸು ತೆಗೆದ. ಚರ್ಮದ ರಟ್ಟು, ಮೂಲೆಗಳಿಗೆ ಹಿತ್ತಾಳೆ.

"ಯಾಕೆ ಅಜ್ಜ?"

"ಐವತ್ತೊಂಬತ್ತರಲ್ಲಿ, ಕೊನೇ ಪರೀಕ್ಷೆಗೆ ಮೂರು ವಾರ ಇತ್ತು. ಅಡುಗೆಮನೆಯಿಂದ ಹಾಲಿನಪುಡಿ ಡಬ್ಬಿ ಕದ್ದೆ. ಹೆಡ್‌ಮಾಸ್ತರು ನನ್ನ ಪೆಟ್ಟಿಗೆ ಹೊರಿಸಿ ಶಾಲೆಯಿಂದ ಓಡಿಸಿದ್ರು. ನಿನ್ನ ಹೆಸರಿನ ಮುಂದೆ ಇದನ್ನ ಬರೀತೀನಿ, ಶಾಲೆ ಇರೋ ತನಕ ಇರುತ್ತೆ ಅಂದ್ರು. ಊರಲ್ಲಿ ಪಾಸಾದೆ ಅಂದೆ. ಅರವತ್ತಾರು ವರ್ಷ ಅದನ್ನೇ ಅಂದೆ."

"ಕಾಫೂಯಿ ಕೆಲಸ ಹೋಗ್ತಿತ್ತು."

"ಗೊತ್ತು." ಅವನು ಕನ್ನಡಕ ಹಾಕಿಕೊಂಡ. "ಶನಿವಾರ ಕಳೆದ ಮೇಲೆ ಬೀರು ಹಿಂದೆ ಇಟ್ಟು ಬರೋಣ ಅಂತಿದ್ದೆ."

"ಸುಳ್ಳು ಹೇಳಬೇಡಿ."

"ಒಲೆ ತನಕ ಒಯ್ದೆ. ನಲವತ್ತು ಜನರ ಹೆಸರಿದೆ ಅದರಲ್ಲಿ. ನಂದೊಂದು ಹಾಳೆ ಹರಿಯೋಣ ಅಂದ್ರೆ ಯಾವುದು ಅಂತ ಕಾಣಬೇಕಲ್ಲ. ಓದು ಅಂತ ಯಾರನ್ನ ಕೇಳಲಿ?" ಅವನು ಮುಖವನ್ನು ಅವಳ ದನಿಯ ಕಡೆ ತಿರುಗಿಸಿದ. "ನೀನು ಹೇಗಿದ್ರೂ ನೋಡ್ತೀಯ. ಓದಿಬಿಡು."

ಜಿಫಾ ಪುಟ ತಿರುವಿದಳು. ಹದಿನಾಲ್ಕು, ಪಾಸು. ಹದಿನೈದು, ಜ್ವರದಿಂದ ಮರಣ. ಹದಿನಾರು, ಪಾಸು. ಹದಿನೇಳು, ಗೆರ್ಶನ್ ಡೊಗ್ಬೆ, ತಂದೆಯ ಹೆಸರು, ಊರು, ಸೇರಿದ ದಿನ. ಷರಾ ಅಂಕಣ ಬಿಳಿ.

"ಏನೂ ಬರೆದಿಲ್ಲ, ಅಜ್ಜ."

"ಅಳಿಸಿದಾರಾ?"

ಅವಳು ಹಾಳೆಯನ್ನು ಬೆಳಕಿಗೆ ಹಿಡಿದಳು. "ಇಲ್ಲ. ಬರೆದೇ ಇಲ್ಲ."

ಅವನು ಕೈ ಚಾಚಿದ. ಜಿಫಾ ಅವನ ಬೆರಳನ್ನು ಆ ಜಾಗದ ಮೇಲಿಟ್ಟಳು. ಮರದ ನಯ ಪರೀಕ್ಷಿಸುವಂತೆ ಅವನು ಮೂರು ನಾಲ್ಕು ಸಲ ಸವರಿದ.

"ಒಂದು ಸಾಲು ಬರೆಯೋಕಾಗಲಿಲ್ವಾ ಆ ಹೆಡ್‌ಮಾಸ್ತರಿಗೆ," ಎಂದ.

೫ ಗಂಟೆ ೧೫ ನಿಮಿಷಕ್ಕೆ, ಸಾರ್ವಜನಿಕ ದಾಖಲೆ ಕಳವಿನ ಆರೋಪದ ಮೇಲೆ ಅವನನ್ನು ದಸ್ತಗಿರಿ ಮಾಡಲಾಯಿತು. ರಿಜಿಸ್ಟರನ್ನು ಜಪ್ತಿ ಮಾಡಿ, ರಶೀದಿ ಪಡೆದು ಶಾಲೆಗೆ ತಾತ್ಕಾಲಿಕವಾಗಿ ಕೊಡಲಾಯಿತು. ರಶೀದಿಗೆ ಕಾಫೂಯಿ ಸಹಿ ಹಾಕಿದಳು. ಯಾರು ಎಂದು ಅವಳು ಕೇಳಲಿಲ್ಲ.

ಡೊಗ್ಬೆಗೆ ಶನಿವಾರ ಬೆಳಿಗ್ಗೆ ಜಾಮೀನು ಸಿಕ್ಕಿತು. ಅವನು ಮನೆಗೆ ಹೋಗಲು ಒಪ್ಪಲಿಲ್ಲ. ಠಾಣೆಯ ಬೆಂಚಿನ ಮೇಲೆಯೇ ಕೂತ. ಅಷ್ಟರಲ್ಲಿ ಊರಿಗೆಲ್ಲ ಸುದ್ದಿ ಗೊತ್ತಾಗಿತ್ತು.

ಸಭಾಂಗಣದಲ್ಲಿ ಜಿಫಾ ಹಿಂದೆ ನಿಂತಿದ್ದಳು. ಮುಖ್ಯೋಪಾಧ್ಯಾಯಿನಿ ಧ್ವನಿವರ್ಧಕದಲ್ಲಿ ಓದುತ್ತಾ ಬಂದರು. ಹದಿನೈದಕ್ಕೆ ಹೊಸ ಮಕ್ಕಳು 'ಇದ್ದೇನೆ' ಎಂದರು. ಹದಿನಾರಕ್ಕೂ ಅಂದರು. ಹದಿನೇಳಕ್ಕೆ ಬಾಯಿ ತೆರೆದ ಮಕ್ಕಳನ್ನು ಮೇಷ್ಟ್ರು ಕೈಯೆತ್ತಿ ತಡೆದರು. ಬದುಕಿರುವವನ ಪರವಾಗಿ ಬೇರೆಯವರು ಹೇಳುವಂತಿಲ್ಲ. ಎಂಟುನೂರು ಜನ ಸುಮ್ಮನೆ ಕೂತರು. ಮುಖ್ಯೋಪಾಧ್ಯಾಯಿನಿ ಕಾದರು, ಕನ್ನಡಕ ಸರಿಮಾಡಿಕೊಂಡರು, ಹದಿನೆಂಟಕ್ಕೆ ಹೋದರು.

ಜಿಫಾ ಠಾಣೆಗೆ ಬಂದಾಗ ಬೆಂಚು ಖಾಲಿಯಿತ್ತು. ಡೈರಿಯಲ್ಲಿ ಇದ್ರಿಸು ಬರೆದಿದ್ದ:

'೧೦ ಗಂಟೆ ೪೨ ನಿಮಿಷ. ಶಾಲೆಯ ಧ್ವನಿವರ್ಧಕದಲ್ಲಿ ಹೆಸರು ಕೇಳಿ ಆರೋಪಿ ಎದ್ದು ನಿಂತ. ಇದ್ದೇನೆ ಎಂದ. ಕೂತ. ೧೧ ಗಂಟೆಗೆ ಮನೆಗೆ ಹೋದ.'