ಹೊತ್ತಿಗೆ ಮುಂಚೆ ಇಳಿದ ಚಂದ್ರ

"ಅಕ್ಕಾ, ಹೇಗಾದ್ರೂ ಮಾಡಿ ನಮ್ಮ ಯಜಮಾನ್ರನ್ನ ಉಳಿಸಿಕೊಡಿ," ಎನ್ನುತ್ತಲೇ ಒಳಗೆ ಬಂದ ಹೆಂಗಸು ಕುರ್ಚಿಯಲ್ಲಿ ಕೂರುವ ಮೊದಲೇ ಅತ್ತುಬಿಟ್ಟಳು.

"ಮೊದಲು ನೀರು ಕುಡಿ. ಅಳೋದಕ್ಕೆ ಆಮೇಲೂ ಟೈಮ್ ಇದೆ," ಎಂದರು ನನ್ನ ಅತ್ತೆ. ಪತ್ತೇದಾರಿಕೆ ಅವರದು, ಚೀಲ ಹೊರುವುದು ನನ್ನದು.

ಆಕೆಯ ಗಂಡ ನಾಟಕಮಂದಿರದ ಅಟ್ಟದಲ್ಲಿ ನಿಂತು ಪರದೆಗಳ ಹಗ್ಗ ಎಳೆಯುವವರು. ನಾಟಕದ ನಾಯಕ ಅವರ ಸ್ವಂತ ತಮ್ಮ. ನಿನ್ನೆ ತಾಲೀಮಿನಲ್ಲಿ ಮರದ ಚಂದ್ರ ಹೊತ್ತಲ್ಲದ ಹೊತ್ತಿನಲ್ಲಿ ಇಳಿದು ತಮ್ಮನ ಭುಜದ ಮೂಳೆ ಬಿರುಕು ಬಿಟ್ಟಿತ್ತು.

"ಅಣ್ಣ ಹೊಟ್ಟೆಕಿಚ್ಚಿಗೆ ಬೇಕಂತ್ಲೇ ಬಿಟ್ಟ ಅಂತಾನೆ ನನ್ನ ಮೈದುನ. ಸಂಜೆ ಪೊಲೀಸ್ರಿಗೆ ದೂರು ಕೊಡ್ತಾನಂತೆ. ಒಡಹುಟ್ಟಿದವರು, ಅಕ್ಕಾ!"

ನಾಯಕನ ಪಾತ್ರ ಮೊದಲು ಅಣ್ಣನದೇ ಆಗಿತ್ತಂತೆ. ಗಂಟಲು ಕೆಟ್ಟ ಮೇಲೆ ತಮ್ಮನಿಗೆ ಹೋಯಿತು. ನನ್ನ ಪಾಲಿಗೆ ಕೇಸು ಅಲ್ಲಿಗೇ ಮುಗಿದಿತ್ತು. "ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅತ್ತೆ?" ಎಂದೆ.

"ನಿನ್ನ ಅಂಗೈಯಲ್ಲಿ ಯಾವಾಗ್ಲೂ ಹುಣ್ಣೇ ಇರುತ್ತೆ. ಚೀಲ ಎತ್ಕೋ."

ನಾಟಕಮಂದಿರದಲ್ಲಿ ರಂಗದ ಮೇಲ್ವಿಚಾರಕಿ ತನ್ನ ಕಂಪ್ಯೂಟರ್ ನಮ್ಮ ಕಡೆ ತಿರುಗಿಸಿದಳು. "ಸೂಚನೆಗಳನ್ನ ಟೈಪ್ ಮಾಡೋದು ನಾನೇ. ಕಿವಿಯ ಫೋನಿನಲ್ಲಿ ನಂಬರ್ ಮಾತ್ರ ಹೇಳ್ತೀನಿ. ನಿನ್ನೆ ಐದು ಅಂದೆ. ಐದು ಅಂದ್ರೆ ಮೋಡದ ಪರದೆ ಎತ್ತೋದು. ಅಟ್ಟದವರು ಚಂದ್ರನ್ನ ಬಿಟ್ರು!"

ಕಂಪ್ಯೂಟರ್ ಪರದೆಯ ಮೇಲೆ ಸಾದಾ ಅಕ್ಷರಗಳಿದ್ದವು. ತಲೆಬರಹದ ಮುಂದೆ ಹ್ಯಾಶ್ ಗುರುತು, ಮುಖ್ಯ ಪದಗಳ ಅಕ್ಕಪಕ್ಕ ನಕ್ಷತ್ರಗಳು. ಮೂರರ ಕೆಳಗೆ ನೇರ ಐದು ಇತ್ತು.

"ನಾಲ್ಕೆಲ್ಲಿ?" ಎಂದರು ಅತ್ತೆ.

"ಬಿರುಗಾಳಿ ದೃಶ್ಯ ಮೊನ್ನೆ ಕೈಬಿಟ್ವಿ. ದೀಪದವರು ನಂಬರ್‌ಗಳನ್ನ ಆಗಲೇ ಬರ್ಕೊಂಡಿದ್ರು, ಅದಕ್ಕೆ ಉಳಿದದ್ದನ್ನ ಬದಲಾಯಿಸಲಿಲ್ಲ."

"ಅಟ್ಟದಲ್ಲಿ ಕಾಣೋದು?"

"ಇದೇ ಫೈಲು. ಅಲ್ಲೊಂದು ಟ್ಯಾಬ್ ಈ ವಾರ ಹಾಕಿಸಿದ್ವಿ. ನಮ್ಮ ವೆಬ್ ಪುಟದಲ್ಲಿ ಒಂದು ಚೌಕ ಇದೆ, ಅದರೊಳಗೆ ತಾನಾಗೇ ಮೂಡುತ್ತೆ."

"ಹತ್ತಿ ನೋಡಿದ್ರಾ?"

"ಫೈಲು ಒಂದೇ ಅಲ್ವಾ, ನೋಡೋದೇನು?"

ಅತ್ತೆ ಮಂಡಿನೋವನ್ನು ಬೈದುಕೊಳ್ಳುತ್ತಾ ಏಣಿ ಹತ್ತಿದರು, ಹಿಂದೆ ನಾನು. ಹಗ್ಗ ಎಳೆಯುವ ಅಣ್ಣ ಪಕ್ಕಕ್ಕೆ ಸರಿದರು. ಟ್ಯಾಬ್ ಹಿಂದಿನ ಗೋಡೆಗಿತ್ತು. ಅದನ್ನು ನೋಡಿದರೆ ರಂಗ ಬೆನ್ನಿಗೆ ಬೀಳುತ್ತಿತ್ತು. ಅದರಲ್ಲಿ ಹ್ಯಾಶ್ ಇಲ್ಲ, ನಕ್ಷತ್ರ ಇಲ್ಲ. ತಲೆಬರಹ ದೊಡ್ಡದಾಗಿ, ಮುಖ್ಯ ಪದಗಳು ದಪ್ಪಗೆ, ಎಲ್ಲವೂ ಎಣ್ಣೆ ಹಚ್ಚಿ ತಲೆ ಬಾಚಿದಷ್ಟು ಅಚ್ಚುಕಟ್ಟು.

"ನೋಡಿದ್ಯಾ?" ಎಂದರು ಅತ್ತೆ.

"ನೋಡಿದೆ. ಚೆನ್ನಾಗಿದೆ."

"ಅಯ್ಯೋ ನಿನ್ನ! ಇಳಿ, ಎಲ್ಲರನ್ನೂ ಸೇರಿಸು."

ರಂಗದ ಮೇಲೆ ಎಲ್ಲರೂ ಕೂಡಿದರು. ಪೆಟ್ಟಾದ ತಮ್ಮ, ಕೈಯನ್ನು ಕೊರಳಿಗೆ ಕಟ್ಟಿಕೊಂಡು, ಮುಖ ಗಂಟಿಕ್ಕಿ ಕೂತಿದ್ದ. ಅಣ್ಣ ಅಟ್ಟದಲ್ಲೇ ಉಳಿದರು.

"ಮೇಲಿನವರು, ಕೆಳಗಿನವರು ಇಬ್ಬರೂ ನಿಮ್ಮ ನಿಮ್ಮ ಕೊನೆಯ ಸಾಲು ಓದಿ," ಎಂದರು ಅತ್ತೆ.

"ಹತ್ತು. ಕೊನೆಯ ಪರದೆ ಇಳಿಸು," ಎಂದಳು ಮೇಲ್ವಿಚಾರಕಿ.

"ಒಂಬತ್ತು," ಮೇಲಿನಿಂದ ಒಡಕು ದನಿ ಬಂತು. "ಕೊನೆಯ ಪರದೆ ಇಳಿಸು."

ಮೇಲ್ವಿಚಾರಕಿ ತನ್ನ ಸಾಲನ್ನು ಮತ್ತೊಮ್ಮೆ ನೋಡಿಕೊಂಡಳು.

"ಫೈಲು ಒಂದೇ, ನಿಜ," ಎಂದರು ಅತ್ತೆ. "ಆದ್ರೆ ಕೆಳಗೆ ಕಾಣೋದು ಬರೆದದ್ದು ಬರೆದ ಹಾಗೆ. ಮೇಲಿನ ಚೌಕ ಅದನ್ನ ಸಿಂಗರಿಸಿ ತೋರಿಸುತ್ತೆ. ಹ್ಯಾಶ್ ಕಂಡ್ರೆ ಅಕ್ಷರ ದೊಡ್ಡದು ಮಾಡುತ್ತೆ, ನಕ್ಷತ್ರ ಕಂಡ್ರೆ ದಪ್ಪ ಮಾಡುತ್ತೆ. ಸಾಲಾಗಿ ನಂಬರ್ ಕಂಡ್ರೆ? ನೀವು ಹಾಕಿದ್ದನ್ನ ಬಿಟ್ಟು ಒಂದರಿಂದ ತಾನೇ ಎಣಿಸಿಕೊಳ್ಳುತ್ತೆ. ನಡುವಿನ ನಾಲ್ಕನ್ನ ನೀವು ತೆಗೆದ್ರಿ, ಅದು ಖಾಲಿ ಜಾಗ ತುಂಬಿಸಿತು. ನಿಮ್ಮ ಐದು ಅಲ್ಲಿ ನಾಲ್ಕಾಯ್ತು. ಅಲ್ಲಿನ ಐದು ನಿಮ್ಮ ಆರು. ನಿಮ್ಮ ಆರು ಏನಮ್ಮಾ?"

"ಚಂದ್ರನ್ನ ಇಳಿಸೋದು," ಎಂದು ಮೇಲ್ವಿಚಾರಕಿ ತಲೆಯ ಮೇಲೆ ಕೈ ಹೊತ್ತಳು. ಹಗ್ಗದವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ನಾಚಿಕೆಯಾಯಿತು.

"ಸರಿ ಬಿಡಿ, ಯಂತ್ರದ ತಪ್ಪು," ಎಂದು ತಮ್ಮ ಏಳಹೊರಟ.

"ಕೂತ್ಕೊಳಪ್ಪಾ. ಇನ್ನೊಂದು ಪ್ರಶ್ನೆ ಇದೆ." ಅತ್ತೆ ಅಟ್ಟದತ್ತ ಕತ್ತೆತ್ತಿದರು. "ಮೂರಾದ ಮೇಲೆ ಐದು ಅಂದಾಗ ನಿಮಗೇನೂ ಅನ್ನಿಸಲಿಲ್ವಾ?"

"ಅನ್ನಿಸ್ತು. ನಾಲ್ಕು ಬಿಟ್ಟೇ ಹೋಯ್ತಲ್ಲ ಅಂತ."

"ಮತ್ತೆ ಕೇಳಲಿಲ್ಲ ಯಾಕೆ?"

ತಮ್ಮನ ಮುಖ ಬಾಡಿತು.

"ಕೇಳೋ ಹಾಗೆ ನಾನು ಇಟ್ಟಿರಲಿಲ್ಲ," ಎಂದ ಅವನೇ. "ಅಣ್ಣ ಮೊದಲೆಲ್ಲ ಆಟ ನೋಡ್ಕೊಂಡೇ ಎಳೀತಿದ್ದ. ಒಂದು ದಿನವೂ ತಪ್ಪಿರಲಿಲ್ಲ. ಟ್ಯಾಬ್ ಬಂದ ದಿನ ಏನೋ ಕೇಳಿದ್ದಕ್ಕೆ, ನಿನ್ನ ಬುದ್ಧಿ ಓಡಿಸ್ಬೇಡ, ನಂಬರ್ ಕೇಳು, ಹಗ್ಗ ಎಳಿ ಅಂದುಬಿಟ್ಟೆ. ಎಲ್ಲರ ಮುಂದೆ."

ಚೀಲ ಎತ್ತಿಕೋ ಎಂದು ಅತ್ತೆ ನನಗೆ ಸನ್ನೆ ಮಾಡಿದರು. ಆದರೆ ಹೊರಡಲಿಲ್ಲ.

ತಮ್ಮ ಎದ್ದು, ನಿನ್ನೆ ಪೆಟ್ಟು ಬಿದ್ದ ಜಾಗಕ್ಕೇ ಹೋಗಿ ನಿಂತ. "ಅಣ್ಣಾ, ಆ ಟ್ಯಾಬ್ ನೋಡ್ಬೇಡ. ಈ ಕಡೆ ತಿರುಗು. ಹೊತ್ತಾಯ್ತು ಅಂತ ನಿನಗೆ ಅನ್ನಿಸಿದಾಗ ಚಂದ್ರನ್ನ ಇಳಿಸು."

ಅಟ್ಟದಲ್ಲಿ ಹಗ್ಗ ಕಿರುಗುಟ್ಟಿತು. ಹಿಂದೆಯೇ ಆ ಒಡಕು ದನಿ ಕೇಳಿಸಿತು.

"ಮೊದಲು ಎರಡು ಹೆಜ್ಜೆ ಹಿಂದೆ ಹೋಗೋ, ಕತ್ತೆ!"

ತಮ್ಮ ಹಿಂದೆ ಸರಿದು ನಿಂತ.