ಹನ್ನೊಂದನೆಯ ಹೆಸರು

ಬುಧವಾರ ಬೆಳಿಗ್ಗೆ 10.20ಕ್ಕೆ ಆಸ್ಪತ್ರೆಯ ದಾಖಲೆ ವಿಭಾಗದ ಗುಮಾಸ್ತೆ ಠಾಣೆಗೆ ಬಂದಳು. ಅವಳ ಕೈಯಲ್ಲಿ ಎರಡು ಹಾಳೆಗಳಿದ್ದವು. ಎರಡೂ ಕಿಡ್ನಿ ಕಸಿಗಾಗಿ ಕಾಯುತ್ತಿರುವವರ ಪಟ್ಟಿ. ಒಂದು ಹಾಳೆ ಎರಡು ತಿಂಗಳ ಹಿಂದಿನದು, ಇನ್ನೊಂದು ಆ ದಿನದ್ದು. ಹಳೆಯದರಲ್ಲಿ ಹನ್ನೊಂದನೆಯವಳಾಗಿದ್ದ ಹೆಂಗಸು ಹೊಸದರಲ್ಲಿ ಮೊದಲನೆಯವಳಾಗಿದ್ದಳು.

"ನಾನೇ ಕೆಡಿಸಿಬಿಟ್ಟೆ ಅನ್ಸತ್ತೆ ಸರ್," ಎಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

ಇನ್ಸ್‌ಪೆಕ್ಟರ್ ಬಿಡಿಸಿ ಬಿಡಿಸಿ ಕೇಳಿದ. ಒಂಬತ್ತು ದಿನಗಳಿಂದ ಅವಳ ಕಂಪ್ಯೂಟರ್ ಆಫ್ ಮಾಡಲು ಹೋದರೆ ಆರದೆ ಹಾಗೇ ನಿಂತುಬಿಡುತ್ತಿತ್ತು. ರೀಸ್ಟಾರ್ಟ್ ಕೊಟ್ಟರೂ ಅದೇ ಪಾಡು. ಕಾದು ಕಾದು ಸಾಕಾಗಿ, ಗುಂಡಿ ಒತ್ತಿಹಿಡಿದು ಆರಿಸಿ ಮನೆಗೆ ಹೋಗುತ್ತಿದ್ದಳಂತೆ. ಹಾಗೆ ಆರಿಸಿದ್ದರಿಂದಲೇ ಪಟ್ಟಿ ಕಲಸಿಹೋಯಿತೆಂಬ ಭಯ ಅವಳದು.

"ಇವತ್ತೇ ಯಾಕೆ ನೋಡಿದ್ರಿ?"

"ಇವತ್ತು ಒಂದು ಕಿಡ್ನಿ ಸಿಗತ್ತೆ ಸರ್. ಅಪಘಾತದಲ್ಲಿ ಹೋದವರದು. ಯಾರಿಗೆ ಅಂತ ಸಂಜೆ ನಾಲ್ಕು ಗಂಟೆಯೊಳಗೆ ಹೇಳ್ಬೇಕು."

ಇನ್ಸ್‌ಪೆಕ್ಟರ್ ಎರಡೂ ಹಾಳೆಗಳನ್ನು ಜೋಡಿಸಿಟ್ಟು ನೋಡಿದ. ಮೊದಲಿನ ಹತ್ತು ಹೆಸರುಗಳು ಸಾಲು ತಪ್ಪದೆ ಒಂದೊಂದು ಮೆಟ್ಟಿಲು ಕೆಳಗಿಳಿದಿದ್ದವು. ಕೆಟ್ಟ ಯಂತ್ರಕ್ಕೆ ಅಷ್ಟು ಶಿಸ್ತು ಇರುವುದಿಲ್ಲ. 10.50ಕ್ಕೆ ಎಫ್‌ಐಆರ್ ದಾಖಲಾಯಿತು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಒಬ್ಬ ದರ್ಜಿ ಹೆಂಡತಿಯೊಂದಿಗೆ ಬೆಂಚಿನ ಮೇಲೆ ಕೂತಿದ್ದ. ಹಳೆಯ ಪಟ್ಟಿಯ ಮೊದಲ ಹೆಸರು ಅವನದು. ಕಾಲು ಊದಿ ಚಪ್ಪಲಿ ಹಿಡಿಸದೆ ಪಕ್ಕದಲ್ಲಿ ಬಿಟ್ಟಿದ್ದ. ಖಾಕಿ ಕಂಡದ್ದೇ ಹೆಂಡತಿ ಎದ್ದು ಬಂದಳು. ನಾಲ್ಕು ವರ್ಷದಿಂದ ಕಾದಿದ್ದೇವೆ, ಈಗ ಏನಾದರೂ ಎಡವಟ್ಟಾಗಿದೆಯೇ ಎಂದು ಕೇಳಿದಳು. ಇನ್ಸ್‌ಪೆಕ್ಟರ್ ಗಡಿಯಾರ ನೋಡಿದ. 11.25.

ಅವನ ಜೊತೆ ಬಂದಿದ್ದ ಹೆಡ್ ಕಾನ್‌ಸ್ಟೇಬಲ್‌ಗೆ ಠಾಣೆಯಲ್ಲಿ 'ಸ್ಕ್ರೂಡ್ರೈವರ್' ಎಂದೇ ಅಡ್ಡಹೆಸರು. ಅವನು ದಾಖಲೆ ವಿಭಾಗದಲ್ಲಿ ಪಂಚ ಸಾಕ್ಷಿಗಳ ಎದುರು ಹಾರ್ಡ್ ಡಿಸ್ಕಿನ ನಕಲು ತೆಗೆದುಕೊಂಡ ಮೇಲೆ ಗುಮಾಸ್ತೆಯ ಕಂಪ್ಯೂಟರನ್ನು ಆರಿಸಿ ನೋಡಿದ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು.

"ನೆಂಟರ ಹಾಗೆ ಸರ್ ಇದು. ಹೊರಟೆ ಹೊರಟೆ ಅಂತ ಬಾಗಿಲಲ್ಲೇ ನಿಂತಿದೆ."

ಪ್ರಿಂಟರ್ ಕಿತ್ತು ನೋಡಿದ, ವ್ಯತ್ಯಾಸವಿಲ್ಲ. ಯಾವ ಪ್ರೋಗ್ರಾಂ ತಡೆಯುತ್ತಿದೆಯೋ ಎಂದು ಒಂದೊಂದನ್ನೇ ನಿಲ್ಲಿಸಿದ, ಆಗಲೂ ಅಷ್ಟೇ. ಒಂದೂವರೆ ಗಂಟೆ ಕಳೆಯಿತು. ಕಸಿ ಮಾಡುವ ಡಾಕ್ಟರ್ ಎರಡು ಸಲ ಬಾಗಿಲಲ್ಲಿ ಇಣುಕಿ ಹೋದರು. ಕೊನೆಗೆ ನೆಟ್‌ವರ್ಕ್ ಕೇಬಲ್ ಕಿತ್ತು ಆರಿಸಿದಾಗ ಹನ್ನೆರಡೇ ಸೆಕೆಂಡಿನಲ್ಲಿ ಆರಿತು. ಕೇಬಲ್ ಚುಚ್ಚಿದರೆ ಮತ್ತೆ ಆರದೆ ನಿಂತಿತು.

ಅಂದರೆ ಅದು ಹೋಗುವ ಮುಂಚೆ ಯಾರನ್ನೋ ಹುಡುಕುತ್ತಿತ್ತು. ಮಧ್ಯಾಹ್ನ 1.40ಕ್ಕೆ ಸ್ಕ್ರೂಡ್ರೈವರ್ ಅದನ್ನು ಹಿಡಿದ: ಆಫ್ ಮಾಡಿದಾಗ ಮಾತ್ರ ಓಡುವ ಒಂದು ಪುಟ್ಟ ಫೈಲು. ಡಯಾಲಿಸಿಸ್ ಕೋಣೆಯ ಕಂಪ್ಯೂಟರಿನಿಂದ ತಿದ್ದಿದ ಪಟ್ಟಿಯನ್ನು ತಂದು ನಿಜವಾದ ಪಟ್ಟಿಯ ಮೇಲೆ ಕೂರಿಸುವುದು ಅದರ ಕೆಲಸ. ನಾಲ್ಕೈದು ದಿನಕ್ಕೊಮ್ಮೆ ಒಂದು ಹೆಸರು ಒಂದೊಂದೇ ಮೆಟ್ಟಿಲು ಹತ್ತಿತ್ತು. ಒಂಬತ್ತು ದಿನದ ಹಿಂದೆ ಡಯಾಲಿಸಿಸ್ ಕೋಣೆಯ ಕಂಪ್ಯೂಟರ್ ಸುಟ್ಟು ರಿಪೇರಿಗೆ ಹೋಗಿತ್ತು. ಓಗೊಡದ ಆ ಕಂಪ್ಯೂಟರಿಗಾಗಿ ಇದು ಕಾಯುತ್ತಾ ನಿಲ್ಲುತ್ತಿತ್ತು.

"ಈ ಮೆಷಿನ್ ಮುಟ್ಟೋರು ಇನ್ಯಾರು?" ಇನ್ಸ್‌ಪೆಕ್ಟರ್ ಕೇಳಿದ.

ಗುಮಾಸ್ತೆಯ ಮುಖ ಸಪ್ಪಗಾಯಿತು. ಪ್ರಿಂಟರ್ ಕೈಕೊಟ್ಟಾಗಲೆಲ್ಲ ಡಯಾಲಿಸಿಸ್ ಟೆಕ್ನಿಷಿಯನ್ ಬಂದು ಸರಿಮಾಡಿ ಕೊಡುತ್ತಿದ್ದ. ಒಳ್ಳೆಯ ಹುಡುಗ, ಒಂದು ಮಾತು ಹೆಚ್ಚು ಆಡಿದವನಲ್ಲ ಎಂದಳು.

ಇಬ್ಬರು ಪೇದೆಗಳು ಬೀರುವಿನಿಂದ ಮೂಲ ಅರ್ಜಿಗಳನ್ನು ತೆಗೆದು, ನೋಂದಣಿಯ ತಾರೀಖು ನೋಡಿ ಪಟ್ಟಿಯನ್ನು ಹೊಸದಾಗಿ ಬರೆದರು. 3.10ಕ್ಕೆ ಡಾಕ್ಟರ್ ಅದಕ್ಕೆ ಸಹಿ ಹಾಕಿದರು. 3.20ಕ್ಕೆ ದರ್ಜಿಯನ್ನು ಒಳಗೆ ಕರೆದರು. ಅವನ ಹೆಂಡತಿ ಚಪ್ಪಲಿ ಎತ್ತಿಕೊಂಡು ಹಿಂದೆಯೇ ಓಡಿದಳು.

ಡಯಾಲಿಸಿಸ್ ಕೋಣೆಯಲ್ಲಿ ಆರು ಯಂತ್ರಗಳು ಗುಯ್‌ಗುಡುತ್ತಿದ್ದವು. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಹನ್ನೊಂದನೆಯ ಹೆಸರಿನ ಹೆಂಗಸು ಮಲಗಿದ್ದಳು. ಟೆಕ್ನಿಷಿಯನ್ ಅವಳ ಯಂತ್ರದ ಒತ್ತಡ ನೋಡುತ್ತಿದ್ದ. ಪೊಲೀಸರನ್ನು ಕಂಡು ಬೆಚ್ಚಲಿಲ್ಲ, ತುಟಿಯ ಮೇಲೆ ಬೆರಳಿಟ್ಟು ಮೂಲೆಗೆ ನಡೆದ.

"ಆಕೆ ನಿಮಗೇನಾಗಬೇಕು?"

"ಅಕ್ಕ. ಅವಳಿಗೆ ಗೊತ್ತಿಲ್ಲ ಸರ್."

"ನಿಮ್ಮದೇ ಕೊಡಬಹುದಿತ್ತಲ್ಲ?"

"ಹೋದೆ. ಹೊಂದಲ್ಲ ಅಂದ್ರು."

"ಹತ್ತು ಜನ ಇದ್ರಲ್ಲಪ್ಪಾ ಮುಂದೆ."

"ಗೊತ್ತು. ಅಷ್ಟೂ ಜನಕ್ಕೆ ಡಯಾಲಿಸಿಸ್ ಮಾಡೋನು ನಾನೇ." ಅವನು ತನ್ನ ಅಂಗೈ ನೋಡಿಕೊಂಡ. "ಅಕ್ಕನ ತೋಳಲ್ಲಿ ಇನ್ನು ಸೂಜಿ ಚುಚ್ಚೋಕೆ ಜಾಗ ಇಲ್ಲ ಸರ್. ಒಂದೇ ಒಂದು ನರ ಉಳಿದಿದೆ, ಅದೂ ಸೋಲ್ತಾ ಇದೆ. ಪ್ರತಿ ಸಲ ಹುಡುಕೋನು ನಾನು."

ಉಳಿದದ್ದನ್ನು ಇನ್ಸ್‌ಪೆಕ್ಟರ್ ಆಮೇಲೆ ಹೇಳಿಕೆಯಲ್ಲಿ ಬರೆದುಕೊಂಡ. ತಾಯಿ ತೀರಿಕೊಂಡಾಗ ಅಕ್ಕನಿಗೆ ಹನ್ನೆರಡು, ಇವನಿಗೆ ಮೂರು. ಅಂದೇ ಅವಳು ಶಾಲೆ ಬಿಟ್ಟಳು. ಇವನನ್ನು ಓದಿಸಿ ಕೆಲಸಕ್ಕೆ ಹಚ್ಚುವವರೆಗೂ ಮದುವೆಯ ಮಾತೆತ್ತಿದವರನ್ನು ಅಂಗಳದಿಂದಲೇ ಕಳಿಸಿದಳು. ಆರು ವರ್ಷದ ಕೆಳಗೆ ಕಿಡ್ನಿ ಕೆಟ್ಟಾಗ ತಮ್ಮನಿಗೆ ತಿಳಿಸದೆ ಮುಚ್ಚಿಟ್ಟಳು; ಪಟ್ಟಿಗೆ ಹೆಸರು ಬರೆಸಿದ್ದೇ ತಡವಾಗಿ.

ಡಯಾಲಿಸಿಸ್ ಮುಗಿಯಲು ಇನ್ನೂ ನಲವತ್ತು ನಿಮಿಷವಿತ್ತು. ಇನ್ಸ್‌ಪೆಕ್ಟರ್ ಸ್ಟೂಲು ಎಳೆದುಕೊಂಡು ಬಾಗಿಲ ಬಳಿ ಕೂತ. ಸ್ಕ್ರೂಡ್ರೈವರ್ ಬೇಡಿ ಹೊರತೆಗೆದವನು ಮತ್ತೆ ಜೇಬಿಗೆ ಹಾಕಿದ.

ಯಂತ್ರ ನಿಂತ ಮೇಲೆ ತಮ್ಮ ಸೂಜಿ ಬಿಡಿಸಿದ, ಹತ್ತಿ ಇಟ್ಟು ಹತ್ತು ನಿಮಿಷ ಒತ್ತಿಹಿಡಿದ. ರಕ್ತ ನಿಂತ ಮೇಲೆ ಬಗ್ಗಿ ಅಕ್ಕನ ಕಿವಿಯಲ್ಲಿ ಏನೋ ಹೇಳಿದ. ಅವಳು ಬಾಗಿಲ ಕಡೆ ನೋಡಿದಳು, ಇನ್ಸ್‌ಪೆಕ್ಟರನ ಟೋಪಿ ನೋಡಿದಳು. ಬೈಯಲಿಲ್ಲ, ಅಳಲಿಲ್ಲ. ತಮ್ಮನ ಅಂಗಿಯ ತೋಳು ಹಿಡಿದುಕೊಂಡಳು.

"ಶುಕ್ರವಾರ ನಂಗೆ ಸೂಜಿ ಯಾರು ಹಾಕ್ತಾರೋ, ಪುಟ್ಟಾ?"

ಬಂಧನದ ವೇಳೆ 4.25 ಎಂದು ದಾಖಲಾಗಿದೆ.